ಮೊದಲ ಟೈಮ್ ಟ್ರಯಲ್‌ಗೆ ಹೊರಟ ಮಕ್ಕಳಿಗೆ ದುಬಾರಿ ಸೈಕಲ್ ಬೇಡ, ತಯಾರಿ ಬೇಕು

ಮಾನ್ಯ ಸಂಪಾದಕರೇ, ನಮಸ್ಕಾರ.

ನಮ್ಮ ಬದಿಯಡ್ಕ, ನೀರ್ಚಾಲು, ಸೀತಾಂಗೋಳಿ ಕಡೆಯ ಕೆಲವು ಮಕ್ಕಳು ಈ ಸಲ ಮೊದಲ ಬಾರಿಗೆ ಸೈಕಲ್ ಟೈಮ್ ಟ್ರಯಲ್‌ಗೆ ಹೆಸರು ಕೊಡ್ಲಿಕ್ಕೆ ಹೊರಟಿದ್ದಾರೆ, ನಾನು ತೋಟದ ಕೆಲಸದ ಒಟ್ಟಿಗೆ ಬೆಳಿಗ್ಗೆ ಹೊತ್ತು ಸೈಕಲ್ ಬಿಡುವವ ಆದ ಕಾರಣ ಅವರೂ ಅವರ ಅಪ್ಪ ಅಮ್ಮಂದಿರೂ ನನ್ನ ಹತ್ತಿರ ಕೇಳ್ತಾರೆ, ಕೇಳುವ ಮೊದಲ ಪ್ರಶ್ನೆ ಎಲ್ಲರದ್ದೂ ಒಂದೇ, "ಎಷ್ಟು ಸಾವಿರದ ಸೈಕಲ್ ತೆಗಿಬೇಕು?" ಇದು ನೋಡಿ ನನಗೆ ಬೇಜಾರಾಗುವುದು. ತಯಾರಿ ಹೇಗೆ, ರೋಡಲ್ಲಿ ಎಂತ ಮಾಡ್ಬೇಕು ಅಂತ ಯಾರೂ ಮೊದಲು ಕೇಳುವುದಿಲ್ಲ, ಯಾಕಂದ್ರೆ ಅದನ್ನು ಕನ್ನಡದಲ್ಲಿ ಹೇಳುವವರು ಇಲ್ಲ, ಅಂಗಡಿಯವರು ಹೇಳುವುದು ಸೈಕಲಿನ ರೇಟ್ ಮಾತ್ರ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದ ಆದ್ರೂ ದಯಮಾಡಿ ಪೂರ್ತಿ ಹಾಕ್ಬೇಕು ಅಂತ ಕೇಳಿಕೊಳ್ತೇನೆ.

ಟೈಮ್ ಟ್ರಯಲ್ ಅಂದ್ರೆ ಎಲ್ಲರೂ ಒಟ್ಟಿಗೆ ಹೊರಡುವ ರೇಸ್ ಅಲ್ಲ. ಒಬ್ಬೊಬ್ಬರನ್ನೇ ಅರ್ಧ ನಿಮಿಷ, ಒಂದು ನಿಮಿಷ ಅಂತರದಲ್ಲಿ ಬಿಡ್ತಾರೆ, ಇನ್ನೊಬ್ಬನ ಹಿಂದೆ ಅಂಟಿಕೊಂಡು ಗಾಳಿ ತಪ್ಪಿಸುವ ಹಾಗಿಲ್ಲ, ಕೊನೆಗೆ ಯಾರ ಸಮಯ ಕಡಿಮೆಯೋ ಅವರು ಗೆದ್ದ ಹಾಗೆ. ಇದು ಹುಟ್ಟಿದ್ದೇ ರೋಡ್ ಬಂದ್ ಮಾಡ್ಲಿಕ್ಕೆ ಆಗದ ಕಡೆ. ಇಂಗ್ಲೆಂಡಲ್ಲಿ ಗುಂಪಾಗಿ ರೇಸ್ ಬಿಟ್ರೆ ಪೊಲೀಸರ ತಕರಾರು ಬರ್ತಿತ್ತು, ಅದಕ್ಕೆ ಬಿಡ್ಲೇಕ್ ಅನ್ನುವವರು 1895ರಲ್ಲಿ ಒಬ್ಬೊಬ್ಬರನ್ನೇ ಬಿಟ್ಟು 50 ಮೈಲಿ ಓಡಿಸಿದ್ರು, ಆಮೇಲೆ ಬಹಳ ಕಾಲ ಅಲ್ಲಿನವರು ಯಾರ ಕಣ್ಣಿಗೂ ಬೀಳದ ಹಾಗೆ ಕಪ್ಪು ಬಟ್ಟೆ ಹಾಕಿಕೊಂಡು ಬೆಳಗಾತ ಎದ್ದು ಹೋಗಿ ಇದನ್ನು ನಡೆಸ್ತಾ ಬಂದ್ರು. ನಮ್ಮ ಕಾಸರಗೋಡಿನ ಅಗಲ ಇಲ್ಲದ, ತಿರುವು ಜಾಸ್ತಿ ಇರುವ ರೋಡಿಗೆ ಇದಕ್ಕಿಂತ ಸರಿಯಾದ ಸ್ಪರ್ಧೆ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಒಂದು ಸಲಕ್ಕೆ ಒಂದು ಸೈಕಲ್, ಹಿಂದಿನಿಂದ ಬಂದ ಬಸ್ಸಿಗೂ ತೊಂದರೆ ಇಲ್ಲ.

ಈಗ ಸೈಕಲಿನ ವಿಷಯ. ಒಬ್ಬ ಹುಡುಗನಿಗೆ ಪೇಟೆಯ ಒಂದು ಅಂಗಡಿಯಲ್ಲಿ ಕಾರ್ಬನ್ ಫ್ರೇಮ್ ಇಲ್ಲದಿದ್ರೆ ಹೋಗಿ ಪ್ರಯೋಜನ ಇಲ್ಲ ಅಂತ ಹೇಳಿ ಕಳಿಸಿದ್ರಂತೆ, ಅವನ ಅಪ್ಪ ಅಡಿಕೆ ಮಾರಿದ ದುಡ್ಡಲ್ಲಿ ತೆಗಿಯುವ ಅಂತ ಹೊರಟಿದ್ರು, ನಾನು ತಡೆದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗೆ ಆಗ್ಬಾರ್ದು ನೋಡಿ. ಬ್ರೇಕ್ ಸರಿ ಇರುವ, ಗೇರ್ ಜಾರದ, ಅವನ ಅಳತೆಗೆ ಸರಿಹೊಂದುವ ಯಾವ ಸೈಕಲಾದ್ರೂ ಮೊದಲ ಸಲಕ್ಕೆ ಸಾಕು. ದಪ್ಪ ಗುಬುಟು ಟಯರಿನ ಎಂಟಿಬಿ, ಅಂದ್ರೆ ಗುಡ್ಡಗಾಡಿನ ಸೈಕಲ್ ಇದ್ರೆ ನುಣ್ಣಗಿನ ತೆಳು ಟಯರ್ ಹಾಕಿಸಿ, ಅದೊಂದೇ ಖರ್ಚಲ್ಲಿ ಸೈಕಲ್ ಬೇರೆಯೇ ಆಗ್ತದೆ. ಗಾಳಿ ಮಾತ್ರ ಕಲ್ಲಿನ ಹಾಗೆ ಹೊಡೆಸ್ಬೇಡಿ, ನಮ್ಮ ಡಾಮರಿನ ಮೇಲೆ ಹಾಗೆ ಹೊಡೆದ ಟಯರ್ ಪುಟಿತಾ ಹೋಗ್ತದೆ, ಹಿಡಿತವೂ ಹೋಗ್ತದೆ ವೇಗವೂ ಹೋಗ್ತದೆ, 25 ಎಂಎಂ ಅಗಲದ ಟಯರಿಗೆ ಹದಿಹರೆಯದ ಮಕ್ಕಳ ತೂಕಕ್ಕೆ 75-80 ಪಿಎಸ್ಐ (ಪಂಪಿನ ಮೀಟರಲ್ಲಿ ಕಾಣುವ ಗಾಳಿಯ ಒತ್ತಡದ ಅಳತೆ) ಧಾರಾಳ ಸಾಕು.

ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಸೀಟಿನ ಎತ್ತರ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಆ ಹುಡುಗನದ್ದು ಅಣ್ಣ ಬಿಟ್ಟ ಹಳೇ ಸೈಕಲ್, ಸೀಟಿನ ಪೈಪ್ ತುಕ್ಕು ಹಿಡಿದು ಫ್ರೇಮಿಗೆ ಕಚ್ಚಿ ಕೂತಿತ್ತು, ಪೆಡಲ್ ಮೇಲೆ ಬರುವಾಗ ಅವನ ಮೊಣಕಾಲು ಎದೆಗೆ ತಾಗುವಷ್ಟು ಕೆಳಗೆ. ಬೋಲ್ಟ್ ಸಡಿಲ ಮಾಡಿ ಸಂದಿಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇಟ್ಟು, ಮರುದಿನ ಇಬ್ಬರು ಸೇರಿ ಸೀಟನ್ನು ಆಚೆ ಈಚೆ ತಿರುಗಿಸಿ ತಿರುಗಿಸಿ ಎಳೆದಾಗ ಕೆಂಪು ಹುಡಿ ಉದುರಿಸಿಕೊಂಡು ಪೈಪ್ ಮೇಲೆ ಬಂತು, ನಾಲ್ಕು ಬೆರಳು ಏರಿಸಿದೆವು, ಒರೆಸಿ ಗ್ರೀಸ್ ಹಚ್ಚಿ ಕೂರಿಸಿದೆವು. ಲೆಕ್ಕ ಸುಲಭ, ಗೋಡೆಗೆ ಕೈ ಕೊಟ್ಟು ಸೀಟಲ್ಲಿ ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರಾ ಕೆಳಗೆ ತಂದಾಗ ಕಾಲು ನೇರ ಆಗ್ಬೇಕು, ಆಮೇಲೆ ಪಾದದ ಮುಂಭಾಗ ಇಟ್ಟು ತುಳಿದ್ರೆ ಮೊಣಕಾಲು ಬೇಕಾದಷ್ಟೇ ಮಡಚಿರ್ತದೆ. ಪೈಪಿನ ಮೇಲೆ ಒಂದು ಗೆರೆ ಇರ್ತದೆ, ಅದು ಹೊರಗೆ ಕಾಣುವಷ್ಟು ಎಳಿಬಾರ್ದು. ಇಷ್ಟು ಮಾಡಿದ ಮೇಲೆ ಅದೇ ಹುಡುಗ ಅದೇ ಏರಿನಲ್ಲಿ ಒಂದು ಗೇರ್ ಭಾರದಲ್ಲಿ ಹೋಗ್ತಾನೆ, ಮೊಣಕಾಲು ನೋವು ಅಂತಲೂ ಹೇಳುವುದಿಲ್ಲ.

ಇನ್ನು ಗಾಳಿ. ಸಮತಟ್ಟು ರೋಡಲ್ಲಿ ಗಂಟೆಗೆ 30 ಕಿಮೀ ದಾಟಿದ ಮೇಲೆ ನಾವು ತುಳಿಯುವ ಶಕ್ತಿಯಲ್ಲಿ ಬಹುಪಾಲು ಹೋಗುವುದು ಗಾಳಿಯನ್ನು ಸೀಳ್ಲಿಕ್ಕೆ, ಅದರಲ್ಲೂ ಗಾಳಿಗೆ ಅಡ್ಡ ಬರುವುದು ಸೈಕಲಿಗಿಂತ ಕೂತವನ ಮೈಯೇ ಜಾಸ್ತಿ. ವೇಗ ಏರಿದ ಹಾಗೆ ಬೇಕಾದ ಶಕ್ತಿ ಘನದ ಲೆಕ್ಕದಲ್ಲಿ ಏರ್ತದೆ, 30ರಲ್ಲಿ ಹೋಗುವವ 33ಕ್ಕೆ ಏರಿಸ್ಬೇಕಾದ್ರೆ ಗಾಳಿಗೆಂತಲೇ ಮೂರರಲ್ಲೊಂದು ಪಾಲು ಹೆಚ್ಚು ಶಕ್ತಿ ಹಾಕ್ಬೇಕು. ಹಾಗಾಗಿ ಎರಡು ಲಕ್ಷದ ಚಕ್ರಕ್ಕಿಂತ ಮೊದಲು ಮೊಣಕೈ ಒಳಗೆ ತಂದು ಬೆನ್ನು ಬಗ್ಗಿಸಿ ಕೂರುವ ಅಭ್ಯಾಸ ಮಾಡಿ, ಗಾಳಿಗೆ ಪಟಪಟ ಬಡಿಯುವ ದೊಡ್ಡ ಟೀಶರ್ಟ್ ಬಿಟ್ಟು ಮೈಗೆ ಅಂಟುವ ಬನಿಯನ್ನಾದ್ರೂ ಹಾಕಿ. 1989ರ ಟೂರ್ ಡಿ ಫ್ರಾನ್ಸ್ ಕೇಳಿರ್ಬಹುದು, ಕೊನೆಯ ದಿನ ವರ್ಸೇಲ್ಸಿಂದ ಪ್ಯಾರಿಸಿಗೆ 24.5 ಕಿಮೀ ಟೈಮ್ ಟ್ರಯಲ್, ಅಮೆರಿಕದ ಗ್ರೆಗ್ ಲೆಮಾಂಡ್ ಅಷ್ಟು ದಿನದ ಒಟ್ಟು ಸಮಯದಲ್ಲಿ 50 ಸೆಕೆಂಡ್ ಹಿಂದೆ ಇದ್ದವರು, ಕೈ ಮುಂದೆ ಚಾಚಿ ಮಲಗುವಂಥ ಹ್ಯಾಂಡಲ್ ಮತ್ತೆ ಹಿಂದೆ ಬಾಲ ಇರುವ ಹೆಲ್ಮೆಟ್ ಹಾಕಿ ಹೋದ್ರು, ಮುಂದೆ ಇದ್ದ ಫ್ರಾನ್ಸಿನ ಲೊರಾಂ ಫಿನ್ಯೋನ್ ಬರೀ ತಲೆಯಲ್ಲಿ ಜುಟ್ಟು ಹಾರಿಸಿಕೊಂಡು ಹೋದ್ರು, ಮೂರು ವಾರದ ರೇಸ್ 8 ಸೆಕೆಂಡಲ್ಲಿ ಲೆಮಾಂಡ್ ಪಾಲಾಯ್ತು. ಗಾಳಿಯ ಬೆಲೆ ಅಷ್ಟು. ಆದ್ರೆ ಮಕ್ಕಳಿಗೆ ಒಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಬೆನ್ನು ಬಗ್ಗಿಸಿ ಅಂದ್ರೆ ತಲೆ ತಗ್ಗಿಸಿ ಮುಂದಿನ ಚಕ್ರ ನೋಡ್ತಾ ಹೋಗಿ ಅಂತ ಅಲ್ಲ. ಕಣ್ಣು ರೋಡಲ್ಲೇ ಇರ್ಬೇಕು. ನಿಂತ ಲಾರಿಯ ಹಿಂದಕ್ಕೆ ಗುದ್ದುವುದು ಹೀಗೆಯೇ. ಮಲಗುವ ಹ್ಯಾಂಡಲ್ ಮೊದಲ ವರ್ಷ ಬೇಡವೇ ಬೇಡ, ಅದರಲ್ಲಿ ಕೈ ಬ್ರೇಕಿನಿಂದ ದೂರ ಇರ್ತದೆ, ನಮ್ಮಲ್ಲಿ ನಾಯಿ ಯಾವ ಬೇಲಿಯಿಂದ ಹಾರ್ತದೆ ಅಂತ ಹೇಳ್ಲಿಕ್ಕಾಗುವುದಿಲ್ಲ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂತ ಇದ್ದದ್ದು. ಮೊದಲ ಟೈಮ್ ಟ್ರಯಲ್ ಹಾಳಾಗುವುದು ಸೈಕಲಿಂದ ಅಲ್ಲ, ಮೊದಲ ಐದು ನಿಮಿಷದಿಂದ. ಹೊರಡುವ ಲೈನಲ್ಲಿ ಬೀಳದ ಹಾಗೆ ಹಿಂದಿನಿಂದ ಒಬ್ಬರು ಸೀಟು ಹಿಡಿದಿರ್ತಾರೆ, ಐದು ನಾಲ್ಕು ಮೂರು ಅಂತ ಎಣಿಸ್ತಾರೆ, ಸುತ್ತ ಜನ ಕೂಗ್ತಾರೆ, ಎದೆ ಬಡಿತಾ ಇರ್ತದೆ, ಕಾಲಿಗೆ ವಾರ ಇಡೀ ರೆಸ್ಟ್ ಸಿಕ್ಕಿರ್ತದೆ, ಬಿಟ್ಟ ಕೂಡ್ಲೆ ಹುಡುಗರು ಬಾಣದ ಹಾಗೆ ಹೋಗ್ತಾರೆ, ಒಂದೆರಡು ನಿಮಿಷ ಎಂತದೂ ನೋವು ಗೊತ್ತಾಗುವುದಿಲ್ಲ, ಆಮೇಲೆ ಒಮ್ಮೆಲೇ ತೊಡೆ ಉರಿ ಸುರು ಆಗಿ ಉಸಿರು ಸಿಗದೆ ಅರ್ಧ ದಾರಿಯಲ್ಲಿ ವೇಗ ಇಳಿತದೆ, ಇಳಿದದ್ದು ಪುನಃ ಏರುವುದಿಲ್ಲ. ಬರೀ ಆರಂಭಶೂರತ್ವ. ಯಕ್ಷಗಾನದಲ್ಲಿ ಭಾಗವತರು ರಾತ್ರಿ ಹತ್ತು ಗಂಟೆಗೇ ಸ್ವರ ಎಲ್ಲ ಸುರಿದುಬಿಟ್ರೆ ಬೆಳಗಿನ ಜಾವದ ಪದಕ್ಕೆ ಉಳಿಯುವುದೆಂತ, ಇದೂ ಹಾಗೆಯೇ. ಮೊದಲ ಕಾಲು ಭಾಗ ಇಷ್ಟೇಯಾ, ಇನ್ನೂ ಜೋರು ಹೋಗ್ಬಹುದಲ್ಲ ಅಂತ ಅನ್ನಿಸ್ಬೇಕು, ಅನ್ನಿಸಿದ್ರೂ ಹೋಗ್ಬಾರ್ದು. ಅಲ್ಲಿಂದ ಮುಕ್ಕಾಲು ದಾರಿಯ ತನಕ ಮಾತಾಡ್ಲಿಕ್ಕೆ ನೋಡಿದ್ರೆ ಎರಡು ಮೂರು ಶಬ್ದ ಮಾತ್ರ ಬರುವಷ್ಟು ಉಸಿರು, ಕೊನೆಯ ಕಾಲು ಭಾಗದಲ್ಲಿ ಉಳಿದದ್ದನ್ನೆಲ್ಲ ಹಾಕ್ಬೇಕು. ನಮ್ಮ ಮಕ್ಕಳಲ್ಲಿ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ, ಯಾಕಂದ್ರೆ ಮುಂದೆ ಬಿಟ್ಟವ ಕಣ್ಣಿಗೆ ಕಾಣ್ತಾನೆ, ಅವನನ್ನು ಹಿಡಿಯುವ ಆಸೆ.

ಶಕ್ತಿಯನ್ನು ಎಲ್ಲಿ ಖರ್ಚು ಮಾಡ್ಬೇಕು ಅಂತಲೂ ಒಂದು ಲೆಕ್ಕ ಉಂಟು. 10 ಕಿಮೀ ಹೋಗಿ 10 ಕಿಮೀ ವಾಪಸ್ ಬರುವ ದಾರಿ ಅಂತ ಇಟ್ಟುಕೊಳ್ಳಿ, ಹೋಗುವಾಗ ಎದುರುಗಾಳಿಗೆ 25ರಲ್ಲಿ ಹೋದ, ಬರುವಾಗ ಹಿಂದಿನಿಂದ ಗಾಳಿ ಸಿಕ್ಕಿ 35ರಲ್ಲಿ ಬಂದ, ಸರಾಸರಿ 30 ಅಂತ ಎಲ್ಲರೂ ಹೇಳ್ತಾರೆ. ಅಲ್ಲ. ಹೋಗುವುದಕ್ಕೆ 24 ನಿಮಿಷ, ಬರುವುದಕ್ಕೆ 17 ನಿಮಿಷ ಚಿಲ್ಲರೆ, ಒಟ್ಟು 41 ನಿಮಿಷ ದಾಟ್ತದೆ, ಸರಾಸರಿ 29 ಚಿಲ್ಲರೆ ಆಯ್ತು. ಹೆಚ್ಚು ಹೊತ್ತು ಹೋಗುವುದು ನಿಧಾನ ಇರುವ ಕಡೆ, ಹಾಗಾಗಿ ಎದುರುಗಾಳಿಯಲ್ಲಿ, ಏರಿನಲ್ಲಿ ಒಂದು ಹಿಡಿ ಜಾಸ್ತಿ ಶಕ್ತಿ ಹಾಕಿ, ಗಾಳಿ ಹಿಂದೆ ಇದ್ದಾಗ, ಇಳಿಜಾರಲ್ಲಿ ಉಸಿರು ತಿರುಗಿಸಿಕೊಳ್ಳಿ. ನಮ್ಮ ಕಡೆ ಇದು ಬಹಳ ಮುಖ್ಯ, ಪದವು (ಗುಡ್ಡದ ಮೇಲಿನ ಬಯಲು) ಹತ್ತಿದ್ರೆ ತೋಟಕ್ಕೆ ಇಳಿಬೇಕು, ತೋಟ ದಾಟಿದ್ರೆ ಪುನಃ ಪದವು, ಚಪ್ಪಟೆ ರೋಡ್ ಅಂತ ಸಿಗುವುದು ಕಡಲಿನ ಬದಿಯಲ್ಲಿ ಮಾತ್ರ. ಬೆಳಿಗ್ಗೆ ಹೊತ್ತು ಗಾಳಿ ಸುಮ್ಮನಿರ್ತದೆ, ಬಿಸಿಲೇರಿದ ಮೇಲೆ ಕಡಲಗಾಳಿ ಪಡುವಣದಿಂದ ಸುರು ಆಗ್ತದೆ, ಆಗ ಸೀತಾಂಗೋಳಿಯಿಂದ ಕಡಲ ಬದಿಯ ಕುಂಬಳೆಗೆ ಇಳಿಯುವಾಗಲೂ ತುಳಿಬೇಕಾಗ್ತದೆ. ಇದೆಲ್ಲ ಪೇಪರಲ್ಲಿ ಓದಿ ಬರುವುದಲ್ಲ, ಅದೇ ರೋಡಲ್ಲಿ ಅದೇ ಹೊತ್ತಲ್ಲಿ ಹೋಗಿ ನೋಡ್ಬೇಕು, ಸ್ಪರ್ಧೆಯ ದಾರಿಯನ್ನು ಒಂದು ಸಲ ಆದ್ರೂ ಮೊದಲೇ ನೋಡಿಕೊಂಡು ಬರ್ಬೇಕು, ಗುಂಡಿ ಎಲ್ಲಿ, ಹಂಪ್ ಎಲ್ಲಿ, ತಿರುಗುವ ಜಾಗದಲ್ಲಿ ಜಲ್ಲಿ ಉಂಟಾ ಅಂತ.

ಅಭ್ಯಾಸಕ್ಕೆ ಎಂಟು ವಾರ ಸಿಕ್ಕಿದ್ರೆ ಒಳ್ಳೆದು. ವಾರದಲ್ಲಿ ಎರಡೇ ದಿನ ಕಷ್ಟದ ಸವಾರಿ ಸಾಕು, ಸುರುವಿಗೆ ಐದೈದು ನಿಮಿಷ ಜೋರಾಗಿ ಹೋಗಿ ಮಧ್ಯ ಸುಧಾರಿಸಿಕೊಳ್ಳುವುದು, ಹೀಗೆ ನಾಲ್ಕು ಸಲ, ಮೆಲ್ಲ ಮೆಲ್ಲ ಅದನ್ನು ಹತ್ತು ನಿಮಿಷಕ್ಕೆ ಏರಿಸಿ, ದೊಡ್ಡವರಾದ್ರೆ ಇಪ್ಪತ್ತು ನಿಮಿಷ ಎರಡು ಸಲ. ಒಂದು ದಿನ ಎರಡು ಗಂಟೆ ಆರಾಮಾಗಿ ಮಾತಾಡ್ತಾ ಹೋಗುವ ದೂರದ ಸವಾರಿ. ಬಾಕಿ ದಿನ ಹಗುರ ಅಥವಾ ರಜೆ. ದಿನಾ ಜೋರು ಹೋದ್ರೆ ಬೇಗ ಬಲ ಬರ್ತದೆ ಅಂತ ಮಕ್ಕಳು ನಂಬ್ತಾರೆ, ಬಲ ಬರುವುದು ವಿಶ್ರಾಂತಿಯಲ್ಲಿ. ತುಳಿಯುವ ಶಕ್ತಿ ಅಳೆಯುವ ಪವರ್ ಮೀಟರ್ ಬೇಡ, ಒಂದೇ ರೋಡಲ್ಲಿ ಇಪ್ಪತ್ತು ನಿಮಿಷಕ್ಕೆ ಎಷ್ಟು ದೂರ ಆಯ್ತು ಅಂತ ಎರಡು ವಾರಕ್ಕೊಮ್ಮೆ ಬರೆದಿಟ್ರೆ ಪ್ರಗತಿ ಕಣ್ಣಿಗೇ ಕಾಣ್ತದೆ. ಭಾರದ ಗೇರಲ್ಲಿ ಕಟಕಟ ತುಳಿಯುವುದು ಬೇಡ, ಪೆಡಲ್ ನಿಮಿಷಕ್ಕೆ 85-90 ಸುತ್ತು ಬರುವ ಹಾಗೆ ಗೇರ್ ಹಾಕಿ. ಕೊನೆಯ ವಾರ ಸವಾರಿ ಅರ್ಧಕ್ಕೆ ಇಳಿಸಿ, ಆದ್ರೆ ಪೂರಾ ನಿಲ್ಲಿಸ್ಬೇಡಿ, ನಡುನಡುವೆ ಒಂದೊಂದು ನಿಮಿಷದ ಜೋರು ಇರಲಿ. ಕೆಲವರು ಎಂಟು ವಾರ ಸುಮ್ಮನಿದ್ದು ಕೊನೆಯ ಮೂರು ದಿನ ಬಿಡದೆ ತುಳಿತಾರೆ, ಯುದ್ಧಕಾಲೇ ಶಸ್ತ್ರಾಭ್ಯಾಸ, ಅದರಿಂದ ಕಾಲು ಭಾರ ಆಗ್ತದೆ ಅಷ್ಟೇ.

ಊಟದ ಬಗ್ಗೆ ಅಮ್ಮಂದಿರು ಚಿಂತೆ ಮಾಡ್ಬೇಕಾಗಿಲ್ಲ. ಅರ್ಧ ಮುಕ್ಕಾಲು ಗಂಟೆಯ ಸ್ಪರ್ಧೆಗೆ ಬೇಕಾದ ಶಕ್ತಿ ಮೈಯಲ್ಲೇ ಇರ್ತದೆ, ಹಿಂದಿನ ರಾತ್ರಿ ಮನೆಯ ಅನ್ನ ಸರಿಯಾಗಿ ಉಣ್ಣಿ, ಬೆಳಿಗ್ಗೆ ಒಂದೂವರೆ ಗಂಟೆ ಮೊದಲು ಅವಲಕ್ಕಿಯೋ ಬಾಳೆಹಣ್ಣೋ ಸಾಕು. ಡಬ್ಬಿಯ ಪೌಡರ್ ಬೇಡ. ಸೆಕೆಯ ಬಗ್ಗೆ ಮಾತ್ರ ಎಚ್ಚರಿಕೆ, ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಆರದಿದ್ರೆ ಮೈ ತಣಿಯುವುದಿಲ್ಲ, ಹಾಗಾಗಿ ಬಯಲುಸೀಮೆಯವರು ಹೇಳುವ ಅರ್ಧ ಗಂಟೆಯ ವಾರ್ಮ್ ಅಪ್ ಇಲ್ಲಿ ಏಪ್ರಿಲಲ್ಲಿ ಮಾಡಿದ್ರೆ ಹೊರಡುವ ಮೊದಲೇ ಸುಸ್ತು. ಹದಿನೈದು ನಿಮಿಷ, ನೆರಳಲ್ಲಿ, ಕೊನೆಗೆ ಎರಡು ಮೂರು ಸಣ್ಣ ಜೋರು, ತಲೆಗೆ ನೀರು ಹಾಕಿಕೊಂಡು ಲೈನಿಗೆ ಬನ್ನಿ. ಉಪ್ಪು ಹಾಕಿದ ಪುನರ್ಪುಳಿ ಶರಬತ್ತು ಮುಗಿಸಿ ಬಂದ ಮೇಲೆ ಕುಡಿಲಿಕ್ಕೆ ಒಳ್ಳೆದು.

ಆ ದಿನದ ಕೆಲವು ನಿಯಮ ಗೊತ್ತಿರ್ಬೇಕು. ನಿಮ್ಮ ಹೊತ್ತಿಗೆ ನೀವು ಲೈನಲ್ಲಿ ಇಲ್ಲದಿದ್ರೆ ಗಡಿಯಾರ ಕಾಯುವುದಿಲ್ಲ, ತಡವಾಗಿ ಬಂದವರ ಸಮಯ ಅವರ ಹೊತ್ತಿನಿಂದಲೇ ಎಣಿಕೆ ಆಗ್ತದೆ. ಹಿಂದಿನಿಂದ ಬಂದವ ನಿಮ್ಮನ್ನು ದಾಟಿದ್ರೆ ಅವನ ಹಿಂದೆ ಅಂಟಿಕೊಳ್ಳಬಾರ್ದು, ಅಂತಾರಾಷ್ಟ್ರೀಯ ನಿಯಮದಲ್ಲಿ ದಾಟುವಾಗ ಬದಿಗೆ 2 ಮೀಟರ್, ಆಮೇಲೆ ಹಿಂದೆ 25 ಮೀಟರ್ ಅಂತರ ಬೇಕು. ಸೀಟು ಹಿಡಿದು ಬಿಡುವ ಅಭ್ಯಾಸವನ್ನು ಮನೆ ಅಂಗಳದಲ್ಲೇ ಮಾಡಿಸಿ, ಇಲ್ಲದಿದ್ರೆ ಮಕ್ಕಳು ಹೆದರಿ ಕಾಲು ಕೆಳಗೆ ಇಡ್ತಾರೆ. ತಿರುಗುವ ಜಾಗಕ್ಕೆ ಮೊದಲೇ ಗೇರ್ ಹಗುರ ಮಾಡಿ, ನೇರ ಇರುವಾಗಲೇ ಬ್ರೇಕ್ ಹಿಡಿದು ಆಮೇಲೆ ತಿರುಗಿ, ಭಾರದ ಗೇರಲ್ಲಿ ಸಿಕ್ಕಿಕೊಂಡ್ರೆ ಪುನಃ ವೇಗ ಹಿಡಿಲಿಕ್ಕೆ ಬಹಳ ಹೊತ್ತು ಬೇಕು. ಮಳೆ ಬಂದ್ರೆ ತಿರುವಲ್ಲಿ ನಿಧಾನ, ನಾಚಿಕೆ ಬೇಡ, 2024ರ ಪ್ಯಾರಿಸ್ ಒಲಿಂಪಿಕ್ಸಲ್ಲಿ ಮಳೆಗೆ ಒದ್ದೆಯಾದ ರೋಡಲ್ಲಿ ಜಗತ್ತಿನ ದೊಡ್ಡ ದೊಡ್ಡ ಸವಾರರೇ ಜಾರಿ ಬಿದ್ರು.

ಅದೇ ಪ್ಯಾರಿಸಲ್ಲಿ ಗಂಡಸ್ರಿಗೂ ಹೆಂಗಸ್ರಿಗೂ ಒಂದೇ ದಾರಿ, ಒಂದೇ 32.4 ಕಿಮೀ ಇಟ್ಟಿದ್ರು. ಇದನ್ನು ಎಂತಕ್ಕೆ ಹೇಳುವುದು ಅಂದ್ರೆ ನಮ್ಮಲ್ಲಿ ಹುಡುಗಿಯರು ಹೈಸ್ಕೂಲ್ ದಾಟಿದ ಕೂಡ್ಲೆ ಸೈಕಲ್ ಜಗಲಿಯಲ್ಲಿ ತುಕ್ಕು ಹಿಡಿತದೆ. ವಿಜಯಪುರ, ಬಾಗಲಕೋಟೆ ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ರಾಷ್ಟ್ರಮಟ್ಟಕ್ಕೆ ಹೋಗಿ ಪದಕ ತಂದಿದ್ದಾರೆ, ಅವರೂ ರೈತರ ಮಕ್ಕಳೇ, ಅಲ್ಲಿ ಸೈಕ್ಲಿಂಗಿಗೆ ಕ್ರೀಡಾ ಹಾಸ್ಟೆಲ್ ಉಂಟು, ಕಲಿಸುವವರು ಇದ್ದಾರೆ. ನಮ್ಮ ಮಕ್ಕಳು ಗಡಿಯ ಈಚೆ ಕೇರಳದಲ್ಲಿ ಇದ್ದ ಕಾರಣ ಆ ಸೌಕರ್ಯ ಅವರಿಗೆ ಸಿಗುವುದಿಲ್ಲ, ಇಲ್ಲಿನ ಸ್ಪರ್ಧೆಯ ನೋಟೀಸು ಮಲಯಾಳದಲ್ಲೋ ಇಂಗ್ಲಿಷಲ್ಲೋ ಬರ್ತದೆ, ಕನ್ನಡ ಮೀಡಿಯಂ ಮಕ್ಕಳಿಗೆ ಅದು ಮುಟ್ಟುವಾಗ ಹೆಸರು ಕೊಡುವ ದಿನ ಮುಗಿದಿರ್ತದೆ.

ಮತ್ತೆ ಜಾಗದ ಪ್ರಶ್ನೆ. ಆರು ಲೇನಿನ ಹೊಸ 66ನೇ ಹೆದ್ದಾರಿಯ ಮೇಲೆ ಮಕ್ಕಳನ್ನು ಬಿಡ್ಲೇಬೇಡಿ, ಅದರ ಸರ್ವಿಸ್ ರೋಡಲ್ಲಿ ಎದುರಿನಿಂದಲೂ ವಾಹನ ಬರ್ತದೆ, ಅಲ್ಲಿ ಟೈಮ್ ನೋಡಿ ಸೈಕಲ್ ಬಿಡುವುದು ಜೀವಕ್ಕೆ ಅಪಾಯ. ಒಳಗಿನ ರೋಡುಗಳೇ ಗತಿ. ಅದಕ್ಕೆ ನಮ್ಮ ಪಂಚಾಯತುಗಳಲ್ಲಿ ನನ್ನದೊಂದು ಕೋರಿಕೆ, ಪದವಿನ ಮೇಲಿನ ಯಾವುದಾದ್ರೂ ಐದಾರು ಕಿಮೀ ರೋಡನ್ನು ಆರಿಸಿ, ಗುಂಡಿ ಮುಚ್ಚಿಸಿ, ತಿಂಗಳಿಗೊಂದು ಆದಿತ್ಯವಾರ ಬೆಳಿಗ್ಗೆ 6ರಿಂದ 7ರ ತನಕ ಜಂಕ್ಷನಲ್ಲಿ ಒಬ್ಬ ಪೊಲೀಸರನ್ನು ನಿಲ್ಲಿಸಿ ಕೊಡಿ. ರೋಡ್ ಬಂದ್ ಮಾಡ್ಬೇಕು ಅಂತ ಕೇಳುವುದಿಲ್ಲ, ವಾಹನಗಳು ನಿಧಾನ ಹೋದ್ರೆ ಸಾಕು. ಒಂದು ನಿಮಿಷದ ಅಂತರದಲ್ಲಿ ಬಿಟ್ರೆ ಆ ಒಂದು ಗಂಟೆಯಲ್ಲಿ ಮೂವತ್ತು ನಲವತ್ತು ಮಕ್ಕಳ ಟೈಮ್ ತೆಗಿಲಿಕ್ಕೆ ಆಗ್ತದೆ, ಬೇಕಾದದ್ದು ಒಂದು ಗಡಿಯಾರ, ಒಂದು ಪುಸ್ತಕ, ಸೀಟು ಹಿಡಿಯುವವ ಒಬ್ಬ, ತಿರುಗುವ ಕಡೆ ನಿಲ್ಲುವವ ಒಬ್ಬ. ಊರಿನ ಯುವಕ ಮಂಡಲಗಳು ಮನಸ್ಸು ಮಾಡಿದ್ರೆ ಇದೆಂತ ದೊಡ್ಡ ಕೆಲಸ ಅಲ್ಲ, ಕಬಡ್ಡಿ ಪಂದ್ಯಕ್ಕೆ ರಾತ್ರಿ ಇಡೀ ಲೈಟ್ ಹಾಕಿ ನಿಲ್ಲುವವರು ಅವರೇ. ಹೆಲ್ಮೆಟ್ ಇಲ್ಲದವರನ್ನು, ಕಿವಿಗೆ ಇಯರ್‌ಫೋನ್ ಹಾಕಿದವರನ್ನು ಬಿಡ್ಬಾರ್ದು, ಹಿಂದೆ ಕೆಂಪು ಲೈಟ್ ಕಡ್ಡಾಯ, ಈ ಮೂರರಲ್ಲಿ ಯಾರ ಮಗನಿಗೂ ರಿಯಾಯಿತಿ ಕೊಡ್ಬೇಡಿ.

ನಿಮ್ಮ ಪತ್ರಿಕೆಯಲ್ಲಿ ಕೇಳುವುದು ಇಷ್ಟೇ. ಕ್ರೀಡಾ ಪುಟದಲ್ಲಿ ಸೈಕಲ್ ಬರುವುದು ಯಾರಾದ್ರೂ ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗುವಾಗ ನಮ್ಮೂರಲ್ಲಿ ಹಾರ ಹಾಕಿಸಿಕೊಂಡ ಫೋಟೋ ಮಾತ್ರ ಆಗದೆ, ಜಿಲ್ಲಾ ಮಟ್ಟದ, ರಾಜ್ಯ ಮಟ್ಟದ ಸೈಕ್ಲಿಂಗ್ ಯಾವಾಗ, ಯಾವ ವಯಸ್ಸಿಗೆ ಎಷ್ಟು ದೂರ, ಹೆಸರು ಎಲ್ಲಿ ಕೊಡ್ಬೇಕು ಅನ್ನುವುದನ್ನು ತಾರೀಖು ಮುಗಿಯುವ ಮೊದಲೇ ಕನ್ನಡದಲ್ಲಿ ಹಾಕಿ. ಫಲಿತಾಂಶ ಬಂದಾಗ ಗೆದ್ದವರ ಹೆಸರಿನ ಒಟ್ಟಿಗೆ ಎಲ್ಲ ಮಕ್ಕಳ ಸಮಯವನ್ನೂ ಸಣ್ಣ ಅಕ್ಷರದಲ್ಲಾದ್ರೂ ಪ್ರಕಟಿಸಿ, ಮೂವತ್ತನೇ ಬಂದ ಹುಡುಗಿ ಮುಂದಿನ ಸಲ ತನ್ನ ಸಮಯ ಎಷ್ಟು ಇಳಿಯಿತು ಅಂತ ನೋಡ್ಲಿಕ್ಕೆ ಅದು ಬೇಕು. ಜೂನಲ್ಲಿ ಮಳೆ ಹಿಡಿದ ಮೇಲೆ ರೋಡಲ್ಲಿ ಅಭ್ಯಾಸ ಕಷ್ಟ, ಹಾಗಾಗಿ ಈ ಪತ್ರ ಮಳೆಗಾಲ ಸುರು ಆಗುವ ಮೊದಲು ಅಚ್ಚಾದ್ರೆ ಉಪಕಾರ ಆಗ್ತದೆ.

ಇಂತಿ ನಿಮ್ಮ ಓದುಗ,
ಒಬ್ಬ ಕೃಷಿಕ ಹಾಗೂ ಸೈಕಲ್ ಸವಾರ
ಬದಿಯಡ್ಕ, ಕಾಸರಗೋಡು ಜಿಲ್ಲೆ